ನೀಳ್ಳು ಅಂದರೆ ನೀರು

ಶ್ರೀನಿವಾಸಪುರ
ಜುಲೈ 2025

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆಗ ಮಂಡಿಯಲ್ಲಿದ್ದೆ. ಸುತ್ತ ಟ್ರ್ಯಾಕ್ಟರ್ ಸದ್ದು, ಹರಾಜಿನ ಕೂಗು. ತೋತಾಪುರಿ ಮಾವಿನ ಬೆಲೆ ನೆಲ ಕಚ್ಚಿರುವುದು ನಿನಗೂ ಗೊತ್ತಿರುತ್ತೆ. ಈ ಸಲ ಕೊಯ್ಲಿನ ಕೂಲಿ ಹುಟ್ಟಿದರೆ ಸಾಕಪ್ಪ ಅನ್ನುವಂತಾಗಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ನಿನ್ನ ಪ್ರಶ್ನೆಗೆ ಮಾತ್ರ.

"ಮುಂದಿನ ವರ್ಷ ಮಗಳನ್ನ ಸ್ಕೂಲಿಗೆ ಸೇರಿಸಬೇಕು. ಪುಣೆಯಲ್ಲಿ ಕನ್ನಡ ಯಾರಿಗೆ ಬರತ್ತೆ? ಈಗಿನಿಂದಲೇ ಮನೇಲಿ ಕನ್ನಡ ನಿಲ್ಲಿಸಿ ಇಂಗ್ಲಿಷಲ್ಲೇ ಮಾತಾಡೋಣ ಅಂತಿದ್ದೀವಿ" ಅಂದೆ. ಬೇಡ ಕಣೋ. ದಯವಿಟ್ಟು ಹಾಗೆ ಮಾಡಬೇಡ. ನಾವು ಅದನ್ನು ಮಾಡಿ ನೋಡಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆಯ ಮಾತು ತೆಲುಗು ಅಂತ ನಿನಗೆ ಗೊತ್ತೇ ಇದೆ. ಈ ಗಡಿಯಲ್ಲಿ ನಮ್ಮಂಥ ಮನೆಗಳೇ ಜಾಸ್ತಿ. ನನ್ನ ಮಗಳು ಚಿನ್ನಿ ಮೂರು ವರ್ಷ ಅಂಗನವಾಡಿಗೆ ಹೋದಳು. ಅಲ್ಲಿನ ಟೀಚರ್ ನಮ್ಮೂರವರೇ, ಮಕ್ಕಳ ಜೊತೆ ತೆಲುಗಲ್ಲೇ ಮಾತು. ಒಂದನೇ ತರಗತಿ ಬಂತಲ್ಲ, ನನಗೆ ದಿಗಿಲು ಶುರುವಾಯಿತು. ಇವಳು ಶಾಲೆಯಲ್ಲಿ ಬಾಯಿ ಬಿಡದೆ ಕೂತುಬಿಟ್ಟರೆ? ಯುಗಾದಿ ಕಳೆದ ಮೇಲೆ ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿದೆವು, ಇನ್ನು ಮೇಲೆ ಅವಳ ಜೊತೆ ಬರೀ ಕನ್ನಡ.

ಒಂದು ವಾರ ಅವಳಿಗೆ ಆಟದಂತಿತ್ತು. ಆಮೇಲೆ ಮಾತು ಕಡಿಮೆಯಾಗುತ್ತಾ ಬಂತು. ಮೊದಲೆಲ್ಲ ರಾತ್ರಿ ಮಲಗಿಸುವಾಗ ಅವಳೇ ನಮಗೆ ಕಥೆ ಹೇಳುತ್ತಿದ್ದಳು. ಕೋಳಿ ಬಾವಿಗೆ ಬಿದ್ದದ್ದು, ಬಾವಿಯಲ್ಲಿ ಆನೆ ಇದ್ದದ್ದು, ಬಾಯಿಗೆ ಬಂದದ್ದೆಲ್ಲ ಸೇರಿಸಿ ಹೇಳುತ್ತಿದ್ದಳು. ಅದು ನಿಂತುಹೋಯಿತು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ನಾವು ಇಲ್ಲದಾಗ ಅಡುಗೆಮನೆಯಲ್ಲಿ ಅವಳ ಅವ್ವನ, ಅಂದರೆ ನಮ್ಮಮ್ಮನ ಹತ್ತಿರ ಗುಟ್ಟಾಗಿ ತೆಲುಗಲ್ಲಿ ಪಿಸುಗುಟ್ಟುತ್ತಿದ್ದಳಂತೆ. ಮಗು ತನ್ನ ಮನೆಯಲ್ಲೇ ಕದ್ದು ಮಾತಾಡುವ ಹಾಗೆ ನಾವು ಮಾಡಿದ್ದೆವು. ಅಮ್ಮ ಅದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅವತ್ತೇ ನಿಲ್ಲಿಸಿದೆವು.

ಮೇ ಕೊನೆಗೆ ಶಾಲೆ ಶುರುವಾಯಿತು. ಚಿನ್ನಿಗೆ 6 ತುಂಬಿತ್ತು. ಈ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಾದರೂ ಸಾಕು ಅಂತ ಸರ್ಕಾರ ಸಡಿಲ ಮಾಡಿದ್ದರಿಂದ ಅವಳಿಗಿಂತ ಪುಟ್ಟ ಮಕ್ಕಳೂ ಬಂದಿದ್ದರು. ಗೇಟಿಗೆ ಮಾವಿನ ತೋರಣ, ಒಳಗೆ ಹೋದವರಿಗೆಲ್ಲ ಒಂದೊಂದು ಗುಲಾಬಿ, ಸಿಹಿ. ಚಿನ್ನಿ ನನ್ನ ಕಿರುಬೆರಳು ಹಿಡಿದವಳು ಬಿಡಲೇ ಇಲ್ಲ. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ.

ಮೊದಲ ದಿನ ಅಂತ ನಮ್ಮನ್ನು ಜಗಲಿಯಲ್ಲಿ ಕೂರಲು ಬಿಟ್ಟಿದ್ದರು. ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚಿನ್ನಿ ಎದ್ದು ಹೋಗಿ ಮೂಲೆಯಲ್ಲಿದ್ದ ನೀರಿನ ಕೊಳಗದ ಪಕ್ಕ ನಿಂತಳು. ಸುಮ್ಮನೆ ನಿಂತಳು. ತುಟಿ ನೆಕ್ಕಿಕೊಂಡಳು, ಮಿಸ್ ಕಡೆ ನೋಡಿದಳು, ಮತ್ತೆ ಕೊಳಗ ನೋಡಿದಳು. ನೀರು ಅನ್ನುವ ಮಾತು ಅವಳಿಗೆ ಗೊತ್ತಿತ್ತು. ನಾವೇ ನೂರು ಸಲ ಹೇಳಿಕೊಟ್ಟಿದ್ದೆವು. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ಬಾಯಿಗೆ ಬರುತ್ತಿದ್ದ ಮಾತನ್ನು ಆಡಬಾರದು ಅಂತ ಕಲಿಸಿದವರೂ ನಾವೇ.

ನನಗೆ 1992ರ ಜೂನ್ ನೆನಪಾಯಿತು. ನಿನಗೂ ನೆನಪಿರಬೇಕು. ನಿಮ್ಮಪ್ಪ ಪೋಸ್ಟ್ ಆಫೀಸಿನ ಕೆಲಸದ ಮೇಲೆ ತಿಪಟೂರಿನಿಂದ ವರ್ಗವಾಗಿ ಬಂದು ಆಗ ಐದಾರು ತಿಂಗಳಾಗಿತ್ತು. ಒಂದನೇ ಕ್ಲಾಸಿನಲ್ಲಿ ಚಾಪೆ ಮೇಲೆ ನನ್ನ ಪಕ್ಕ ನೀನು. ನಾನು ತೆಲುಗಲ್ಲಿ ಏನೋ ಅಂದಿದ್ದಕ್ಕೆ ಮೇಷ್ಟ್ರು ಎದ್ದು ನಿಲ್ಲಿಸಿ ಕೈ ಮೇಲೆ ಬಾರಿಸಿದ್ದರು. ಆಮೇಲೆ ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಒಂದಕ್ಕೆ ಹೋಗಬೇಕು ಅಂತ ಕೇಳಲಾಗದೆ ಚಡ್ಡಿ ಒದ್ದೆಯಾಯಿತು. ಚಾಪೆಯೂ ಒದ್ದೆಯಾಯಿತು. ನೀನು ನಿನ್ನ ಸ್ಲೇಟು ಒರೆಸುವ ಬಟ್ಟೆಯಿಂದ ಅದನ್ನು ಒತ್ತಿ ಒತ್ತಿ ಒರೆಸಿದೆ. ಯಾರಿಗೂ ಹೇಳಲಿಲ್ಲ. ಮಾರನೇ ದಿನದಿಂದ ನಾನು ಸುಮ್ನೆ ನಿನ್ನ ಮೊಣಕೈ ಮುಟ್ಟಿದರೆ ಸಾಕು, ನೀನು ಎದ್ದು "ಸಾರ್, ಇವನಿಗೆ ಒಂದಕ್ಕೆ ಹೋಗ್ಬೇಕಂತೆ" ಅನ್ನುತ್ತಿದ್ದೆ. ಬೀದಿಯಲ್ಲಿ ಗೋಲಿ ಆಡುತ್ತಾ ನೀನು ನನ್ನ ತೆಲುಗು ಕಲಿತೆ, ನಾನು ನಿನ್ನ ಕನ್ನಡ ಕಲಿತೆ. ಇವತ್ತು ಈ ಪತ್ರ ಬರೆಯುತ್ತಿರುವ ಕನ್ನಡ ಅದೇ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಚಿನ್ನಿಯ ಪಕ್ಕ ನೀನಿರಲಿಲ್ಲ. ಆದರೆ ಮಿಸ್ ಇದ್ದರು. ಹಾಸನದ ಕಡೆಯವರು, ನಮ್ಮೂರಿಗೆ ಬಂದು ಹನ್ನೊಂದು ವರ್ಷವಾಯಿತು. ಅವರು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ "ನೀಳ್ಳಾ?" ಅಂದರು. ಚಿನ್ನಿ ಕಣ್ಣರಳಿಸಿ ತಲೆಯಾಡಿಸಿದಳು. ಲೋಟ ತುಂಬಿ ಕೈಗೆ ಕೊಟ್ಟು "ನೀಳ್ಳು. ನೀರು" ಅಂದರು. ಅವಳು ಗಟಗಟ ಕುಡಿದು, ತುಟಿ ಒರೆಸಿಕೊಂಡು, ಲೋಟ ವಾಪಸ್ ಕೊಡುತ್ತಾ ಅದನ್ನೇ ತಿರುಗಿ ಹೇಳಿದಳು. "ನೀಳ್ಳು. ನೀರು." ನಾನು ಜಗಲಿಯಿಂದ ಎದ್ದು ತೋಟಕ್ಕೆ ಹೋದೆ. ಇನ್ನು ನನ್ನ ಅಗತ್ಯ ಅಲ್ಲಿರಲಿಲ್ಲ.

ಈ ಮಿಸ್ ದಿನಾ ಹಾಗೇ ಮಾಡುತ್ತಾರಂತೆ. ಏನಾದರೂ ತೋರಿಸಿ, "ನಿಮ್ಮನೇಲಿ ಇದಕ್ಕೆ ಏನಂತೀರಾ?" ಅಂತ ಕೇಳುವುದು. ಮಕ್ಕಳು ಕುಕ್ಕ ಅಂದರೆ ಇವರು ನಾಯಿ ಅನ್ನುವುದು. ಚೆಟ್ಟು, ಮರ. ಪಾಲು, ಹಾಲು. ಶಾಲೆಯಲ್ಲಿ ಕೊಡುವ ಹಾಲು ಪುಡಿ ಕಲಸಿ ಕಾಯಿಸಿದ್ದು. ನಮ್ಮ ಹಸುವಿನ ಹಾಲು ಕುಡಿದು ಬೆಳೆದವಳಿಗೆ ಅದರ ರುಚಿ ಬೇರೆ ಅನ್ನಿಸಿದೆ. ಹಾಗಾಗಿ ಮನೆಯದು ಪಾಲು, ಶಾಲೆಯದು ಹಾಲು ಅಂತ ಅವಳ ಲೆಕ್ಕ!

ಒಂದು ದಿನ ಅವಳೇ ಒಂದು ವಿಷಯ ಕಂಡುಹಿಡಿದಳು. ಪಾಲು ಹಾಲಾಗುತ್ತೆ, ಪುಲಿ ಹುಲಿಯಾಗುತ್ತೆ, ಪಲ್ಲು ಹಲ್ಲಾಗುತ್ತೆ. "ನಾನ್ನಾ, ಪ ಬಂದರೆ ಹ ಮಾಡಬೇಕು" ಅಂತ ತೆಲುಗಲ್ಲಿ ಹೇಳಿದಳು. ಅವತ್ತು ರಾತ್ರಿ ಊಟಕ್ಕೆ ಕೂತು, ಪಪ್ಪು ಬಡಿಸು ಅನ್ನುವ ಬದಲು "ಹಪ್ಪು" ಕೇಳಿದಳು. ಬೇಳೆ ಅಂತ ಹೇಳಿಕೊಟ್ಟೆವು, ಆದರೆ ನನಗೆ ಮೈ ಜುಮ್ಮೆಂದಿತು. ಹಳಗನ್ನಡದಲ್ಲಿ ಹಾಲು ಪಾಲೇ, ಹುಲಿ ಪುಲಿಯೇ. ಆ ಪಕಾರ ಹಕಾರ ಆದದ್ದನ್ನು ನಾವು ಹೈಸ್ಕೂಲಿನಲ್ಲಿ ಉರು ಹೊಡೆದೆವು, ಅಲ್ವಾ? ಎರಡು ಭಾಷೆ ಪಕ್ಕಪಕ್ಕ ಇಟ್ಟುಕೊಂಡ ಆರು ವರ್ಷದ ಮಗು ಅದನ್ನು ತಾನೇ ಹಿಡಿಯಿತು. ಮನೆಮಾತು ಕಿತ್ತುಕೊಂಡಿದ್ದರೆ ಇದು ಎಲ್ಲಿಂದ ಬರುತ್ತಿತ್ತು ಹೇಳು?

ಆದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹಾಗಂತ ನಾನು ಚಿನ್ನಿಗೆ ತೆಲುಗು ಮಾಧ್ಯಮ ಕೇಳುತ್ತಿಲ್ಲ. ಅವಳು ಈ ನೆಲದವಳು, ಕನ್ನಡದಲ್ಲೇ ಓದಬೇಕು, ಅದು ನನ್ನ ಆಸೆ. ಕನ್ನಡ ಬರಬೇಕಾದರೆ ತೆಲುಗು ಹೋಗಬೇಕು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ನಿನ್ನ ಮಗಳಿಗೂ ಅಷ್ಟೇ. ಇಂಗ್ಲಿಷು ಶಾಲೆಯಲ್ಲಿ ಬಂದೇ ಬರುತ್ತೆ, ಮರಾಠಿ ಬೀದಿಯಲ್ಲಿ ಬರುತ್ತೆ. ಕನ್ನಡ ಕೊಡಲು ಅಲ್ಲಿ ನೀವಿಬ್ಬರು ಬಿಟ್ಟರೆ ಯಾರೂ ಇಲ್ಲ. ಶಾಲೆಗೆ ಸೇರಿಸುವಾಗ ಟೀಚರನ್ನು ಕಂಡು ಅವಳು ದಿನಾ ಆಡುವ ಹತ್ತು ಕನ್ನಡ ಮಾತು ಬರೆದುಕೊಡು. ನೀರು, ಹಸಿವು, ಒಂದಕ್ಕೆ, ಹೊಟ್ಟೆನೋವು, ಅಮ್ಮ ಬೇಕು. ಅಷ್ಟು ಗೊತ್ತಿದ್ದರೆ ಅವರಿಗೂ ಸುಲಭ.

ಇನ್ನೊಂದು ಹೇಳಲೇಬೇಕು. ನಾವು ಅ ಆ ಇ ಈ ಅಂತ ಶುರು ಮಾಡಿದೆವಲ್ಲ, ಇವರದು ನಲಿಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಾಗಿ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಚಪ್ಪರ, ಅದರಲ್ಲಿ ಅವರು ಬರೆದದ್ದು, ಅಂಟಿಸಿದ್ದು ತೂಗುತ್ತೆ. ಗೋಡೆಯ ಕೆಳಗೆ ಮಕ್ಕಳ ಕೈಗೆಟುಕುವ ಹಾಗೆ ಕಪ್ಪುಹಲಗೆ. ಮೊದಲು ಕಲಿಸುವ ಅಕ್ಷರ ಐದು: ರ, ಗ, ಸ, ದ, ಅ. ಇದೇನಿದು ಅಂತ ನನಗೂ ವಿಚಿತ್ರ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ ಎಲ್ಲ ಓದಬಹುದು. ಕಲಿತ ವಾರದಲ್ಲೇ ಮಗು ಪದ ಓದುತ್ತೆ.

ಹೋದ ಭಾನುವಾರ ಚಿನ್ನಿ ಸೀಮೆಸುಣ್ಣ ಹಿಡಿದು ಕೊಟ್ಟಿಗೆ ಬಾಗಿಲ ಮೇಲೆ ಏನೋ ಬರೆಯುತ್ತಿದ್ದಳು. ಬಾಗಿಲ ಪಕ್ಕದ ಮೊಳೆಯಲ್ಲಿ ಮಾವಿನ ಕೊಂಬೆ ಕೊಯ್ಯುವ ಗರಗಸ ತೂಗುಹಾಕಿರುತ್ತೇವೆ. ಅಮ್ಮ ಸಗಣಿ ಬಾಚುತ್ತಿದ್ದವರು ನಿಂತು "ಇದೇಮಿ?" ಅಂದರು. ಚಿನ್ನಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಗ, ರ, ಗ, ಸ. ಆಮೇಲೆ ಮೊಳೆಯ ಕಡೆ ಕೈ ತೋರಿಸಿ "ರಂಪಂ, ಅವ್ವಾ" ಅಂದಳು. ಅಮ್ಮ ಇಲ್ಲಿವರೆಗೆ ಹೆಬ್ಬೆಟ್ಟು ಒತ್ತಿದವರೇ ಹೊರತು ಅಕ್ಷರ ಬರೆದವರಲ್ಲ. ಸಗಣಿ ಕೈಯನ್ನು ಹಿಂದೆ ಕಟ್ಟಿಕೊಂಡು ಬಗ್ಗಿ ಆ ನಾಲ್ಕು ಅಕ್ಷರವನ್ನು ಬಹಳ ಹೊತ್ತು ನೋಡಿದರು. ಬಾಗಿಲು ಒರೆಸಬೇಡಿ ಅಂತ ನಮಗೆಲ್ಲ ಹೇಳಿದ್ದಾರೆ. ಅದು ಇನ್ನೂ ಹಾಗೇ ಇದೆ.

ನಿನಗೆ ಪತ್ರ ಬರೆಯುತ್ತಿದ್ದೇನೆ ಅಂದಿದ್ದಕ್ಕೆ ತಾನೂ ಬರೆಯುತ್ತೇನೆ ಅಂತ ಕೂತಳು. ಬರುವ ರಜೆಗೆ ನಿನ್ನ ಮಗಳು ನಮ್ಮೂರಿಗೆ ಬರಬೇಕಂತೆ. ಅವಳಿಗೆ ಬರುವ ಐದು ಅಕ್ಷರದಲ್ಲಿ ಅದನ್ನು ಹೇಗೆ ಬರೆಯುವುದು ಅಂತ ತುಂಬಾ ಯೋಚನೆ ಮಾಡಿ ಮೂರು ಅಕ್ಷರ ಬರೆದಿದ್ದಾಳೆ. ಫೋಟೋ ಕಳಿಸಿದ್ದೇನೆ, ಮಗಳಿಗೆ ತೋರಿಸು. ಸ ಸ್ವಲ್ಪ ವಾಲಿದೆ. ಇನ್ನೂ ದೀರ್ಘ ಕಲಿತಿಲ್ಲ, ಅದಕ್ಕೇ "ದಸರ" ಅಂತಿದೆ.

ಇಂತಿ ನಿನ್ನ
ಪಕ್ಕದ ಚಾಪೆಯ ಗೆಳೆಯ