ಕರಾರು ಕಾಯುವವರನ್ನು ತಯಾರು ಮಾಡಿ

ಮಾನ್ಯ ಸಂಪಾದಕರೇ,

ನಮ್ಮ ಬೆಂಗಳೂರು–ಮೈಸೂರು ದಶಪಥ ಆಗಿದ್ದು ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ. ಅಂದ್ರೆ ಕೆಲಸ ನಡೆಯುವಾಗ ಸರ್ಕಾರ ಶೇ 40ರಷ್ಟು ಹಣ ಕೊಡುತ್ತದೆ, ಉಳಿದದ್ದನ್ನು ಸಾಮಾನ್ಯವಾಗಿ 15 ವರ್ಷ ಕಂತಿನಲ್ಲಿ ತೀರಿಸುತ್ತದೆ, ಅಷ್ಟೂ ಕಾಲ ರಸ್ತೆ ನೋಡಿಕೊಳ್ಳೋದು ಅದನ್ನು ಕಟ್ಟಿದ ಖಾಸಗಿ ಕಂಪನಿಯ ಹೊಣೆ. ಇಷ್ಟು ಉದ್ದದ ಕರಾರನ್ನು ಎರಡು ಮೂರು ವರ್ಷಕ್ಕೇ ವರ್ಗವಾಗುವ ಅಧಿಕಾರಿ ಕಣ್ಣಿಟ್ಟು ಕಾಯೋಕೆ ಆಗುತ್ತಾ? ಕಂಪನಿ ಕಡೆ ನುರಿತ ವಕೀಲರು, ಲೆಕ್ಕಿಗರು ಕೂತಿರುತ್ತಾರೆ. ನಮ್ಮ ಸರ್ಕಾರದ ಕಡೆಯೂ ಅಂಥವರು ಬೇಕಲ್ವಾ?

ಮೈಸೂರಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಸೇವೆ ಶುರುವಾಯಿತು, ಹೊಸತಕ್ಕೆ ನಾವು ಹಿಂಜರಿದವರಲ್ಲ. ಆಡಳಿತ ತರಬೇತಿ ಸಂಸ್ಥೆ ಮೈಸೂರಲ್ಲೇ ಇದೆ. ಸುಮ್ನೆ ಒಂದು ದಿನದ ಕಾರ್ಯಾಗಾರ ಸಾಲದು. ನಷ್ಟ ಬಂದರೆ ಯಾರ ತಲೆಗೆ, ಕೆಲಸ ಕೆಟ್ಟರೆ ದಂಡ ಎಷ್ಟು ಅಂತ ಕರಾರು ಓದಿ ಚೌಕಾಸಿ ಮಾಡೋದನ್ನು, ಕಂಪನಿಗಳ ಜೊತೆ ಕರಾರು ಮಾಡಿಕೊಳ್ಳುವ ಪಾಲಿಕೆ, ನಗರಸಭೆ ಸಿಬ್ಬಂದಿಗೆ ಅಲ್ಲಿ ತಿಂಗಳುಗಟ್ಟಲೆ ಕಲಿಸಲಿ, ಕಲಿತವರನ್ನು ವರ್ಗ ಮಾಡದೆ ಒಂದೇ ಯೋಜನೆಯಲ್ಲಿ ಉಳಿಸಲಿ.

– ಓದುಗ, ಮಂಡ್ಯ