ಬಾಗಿಲ ಹೊರಗೆ ನಿಂತವರು

ಡೇಟನ್, ಒಹಾಯೊ
ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ಅಮ್ಮ, ನಾನು ಕಳಿಸಿದ ಫೋಟೋ ನೋಡಿ ನೀನು ತುಂಬಾ ಗಾಬರಿಯಾದೆ. ಹಳೇ ವಿಮಾನ, ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಲು ಅದರ ಬಾಗಿಲ ಹೊರಗೆ ಕಂಬಿ ಹಿಡಿದು ನೇತಾಡುವ ಜನ, ಕೆಳಗೆ ಎಲ್ಲೋ ಹೊಲಗಳು. "ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡೋ ಹುಡುಗರ ಥರ, ಇದೇನೇ ಹುಚ್ಚು" ಅಂದೆ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕೊನೆಯಲ್ಲಿ ಒಂದು ಮುಖ್ಯ ವಿಷಯವೂ ಇದೆ, ಪೂರ್ತಿ ಓದಿ.

ಅಪ್ಪ, ನಿಮಗೆ ಮೊದಲು ವಿಮಾನದ ಬಗ್ಗೆ ಹೇಳಬೇಕು. ಅದು ಬೀಚ್ 18. ಈ ಮಾದರಿ ಮೊದಲು ಹಾರಿದ್ದು 1937ರ ಜನವರಿಯಲ್ಲಿ. ಎರಡು ಎಂಜಿನ್, ಎರಡೂ ಪ್ರ್ಯಾಟ್ ಅಂಡ್ ವಿಟ್ನಿಯ ವಾಸ್ಪ್ ಜೂನಿಯರ್. ಒಂದೊಂದರಲ್ಲೂ ಸುತ್ತ ಜೋಡಿಸಿದ ಒಂಬತ್ತು ಸಿಲಿಂಡರ್, 450 ಅಶ್ವಶಕ್ತಿ. ಸ್ಟಾರ್ಟ್ ಮಾಡಿದಾಗ ಮೊದಲು ಬಿಳಿ ಹೊಗೆ, ಆಮೇಲೆ ಎದೆಗೆ ಬಡಿಯುವ ಆ ಸದ್ದು. ತಾತ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಎಚ್‌ಎಎಲ್‌ನಲ್ಲಿ ಅವರು ಕೈಯಾಡಿಸಿದ ಡಕೋಟಾ ವಿಮಾನಗಳ ಹಾಗೆಯೇ ಇದಕ್ಕೂ ಬಾಲದ ಕೆಳಗೆ ಪುಟ್ಟ ಚಕ್ರ, ಎಡಗಡೆ ಹಿಂದೆ ಬಾಗಿಲು. ನೆಲದ ಮೇಲೆ ನಿಂತಾಗ ಒಳಗೆ ಏರು ಹತ್ತಿದ ಹಾಗೆ ನಡೆಯಬೇಕು. ಯುದ್ಧದ ಕಾಲದಲ್ಲಿ ಅಮೆರಿಕದವರ ಡಕೋಟಾಗಳು ಬೆಂಗಳೂರಿಗೇ ರಿಪೇರಿಗೆ ಬರುತ್ತಿದ್ದವು ಅಂತ ಇಲ್ಲಿನ ಪೈಲಟ್‌ಗೆ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ತಾತನ ಬಗ್ಗೆ ಕೇಳುತ್ತಲೇ ಇದ್ದರು.

ಈಗ ಅಮ್ಮನ ಪ್ರಶ್ನೆ. ಬಾಗಿಲಿನಿಂದ ನೇರವಾಗಿ ಹಾರುವುದು ಬಿಟ್ಟು ಹೊರಗೆ ಯಾಕೆ ನೇತಾಡಬೇಕು?

ಲೆಕ್ಕ ಸುಲಭ. ಇವರು ಒಬ್ಬೊಬ್ಬರೇ ಬೀಳುವವರಲ್ಲ. ಗಾಳಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಸುತ್ತು ಕಟ್ಟುವವರು. ಜಿಗಿಯುವ ಹೊತ್ತಿಗೆ ಪೈಲಟ್ ವೇಗ ಇಳಿಸಿದರೂ ವಿಮಾನ ಗಂಟೆಗೆ ಸುಮಾರು 160 ಕಿಲೋಮೀಟರ್ ಓಡುತ್ತಿರುತ್ತದೆ. ಅಂದರೆ ಸೆಕೆಂಡಿಗೆ 44 ಮೀಟರ್. ಎಂಟು ಜನ ಒಂದೊಂದು ಸೆಕೆಂಡ್ ಬಿಟ್ಟು ಹೊರಬಿದ್ದರೆ, ಮೊದಲನೆಯವರು ಬಿಟ್ಟ ಜಾಗಕ್ಕೂ ಎಂಟನೆಯವರು ಬಿಟ್ಟ ಜಾಗಕ್ಕೂ 300 ಮೀಟರ್ ಅಂತರ. ಹತ್ತು ಸಾವಿರ ಅಡಿಯಿಂದ ಬಿದ್ದರೆ ಪ್ಯಾರಾಚೂಟ್ ಬಿಚ್ಚುವ ತನಕ ಸಿಗುವುದು ಹೆಚ್ಚುಕಮ್ಮಿ ಮುಕ್ಕಾಲು ನಿಮಿಷ. ಅದರಲ್ಲಿ ಅರ್ಧ ಒಬ್ಬರನ್ನೊಬ್ಬರು ಹುಡುಕುವುದಕ್ಕೇ ಹೋಗುತ್ತದೆ. ಸಣ್ಣ ಬಾಗಿಲಿನಲ್ಲಿ ಅಷ್ಟೂ ಜನ ಒಟ್ಟಿಗೆ ಹಿಡಿಸುವುದಿಲ್ಲ, ಅಲ್ವಾ? ಅದಕ್ಕೇ ಕೆಲವರು ಮೊದಲೇ ಹೊರಗೆ ಹೋಗಿ ಬಾಗಿಲ ಮೇಲಿನ ಕಂಬಿ ಹಿಡಿದು ಕಾಯುತ್ತಾರೆ. ಅವರನ್ನು ಫ್ಲೋಟರ್ ಅನ್ನುತ್ತಾರೆ. ಒಳಗಿನವರು ಬಾಗಿಲಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಎಲ್ಲರೂ ಒಂದೇ ಕ್ಷಣಕ್ಕೆ ಬಿಡುತ್ತಾರೆ.

ಹೋದ ಶನಿವಾರ ನಾನೂ ಆ ವಿಮಾನದಲ್ಲಿ ಹೋಗಿದ್ದೆ. ಹೆದರಬೇಡ ಅಮ್ಮ, ಜಿಗಿಯಲಿಲ್ಲ. ಪೈಲಟ್ ಪಕ್ಕದ ಸೀಟಿನಲ್ಲಿ ಕೂರಿಸಿದ್ದರು. ಬೆನ್ನಿಗೆ ತುರ್ತಿನ ಪ್ಯಾರಾಚೂಟ್ ಕಟ್ಟಿ, ಯಾವಾಗ ಏನು ಮಾಡಬೇಕು ಅಂತ ಹೇಳಿಕೊಟ್ಟಿದ್ದರು. ಹಿಂದೆ ಸೀಟುಗಳೇ ಇಲ್ಲ. ಎಲ್ಲರೂ ನೆಲದ ಮೇಲೆ, ಒಬ್ಬರ ಕಾಲುಗಳ ನಡುವೆ ಇನ್ನೊಬ್ಬರು ಕೂತು, ಬೆಲ್ಟ್ ಕಟ್ಟಿಕೊಂಡಿದ್ದರು. ಮೇಲೆ ಏರುತ್ತಾ ಚಳಿ ಜಾಸ್ತಿಯಾಯಿತು. ಮಾತು ನಿಂತಿತು. ಒಬ್ಬರು ಕಣ್ಣು ಮುಚ್ಚಿ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಾ, ಮಾಡಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಮಾಡಿ ನೋಡುತ್ತಿದ್ದರು.

ಪೈಲಟ್ ಸನ್ನೆ ಮಾಡಿದರು. ಮೊದಲನೆಯ ಫ್ಲೋಟರ್ ಒಬ್ಬ ಹೆಂಗಸು, ನಿನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು ಅಮ್ಮ. ಬಾಗಿಲಿಗೆ ಬೆನ್ನು ಹಾಕಿ, ಕಂಬಿ ಹಿಡಿದು, ಒಂದು ಕಾಲು ಹೊರಗಿಟ್ಟು, ವಿಮಾನದ ಮೈಗೆ ಅಂಟಿಕೊಂಡು ಸರಿದರು. ಗಾಳಿಗೆ ಅವರ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹೊರಗಿದ್ದವರೆಲ್ಲ ಮುಖ ಒಳಗೆ ಮಾಡಿ ಬಾಗಿಲ ನಡುವೆ ನಿಂತವರನ್ನೇ ನೋಡುತ್ತಿದ್ದರು. ಆ ಗಾಳಿಯಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಹಾಗಾಗಿ ಎಣಿಕೆಯನ್ನು ಮೈಯಲ್ಲೇ ಹೇಳುತ್ತಾರೆ. ನಡುವಿನವರು ಒಮ್ಮೆ ಹೊರಗೆ ತೂಗಿದರು, ಒಳಗೆ ತೂಗಿದರು, ಎಲ್ಲರೂ ಜೊತೆಗೆ ತೂಗಿದರು, ಮುಂದಿನ ತೂಗಿಗೆ ಬಾಗಿಲು ಖಾಲಿ.

ಅಪ್ಪ, ಆ ಹೊತ್ತಿನಲ್ಲಿ ನಾನು ಹೆಚ್ಚು ನೋಡಿದ್ದು ಪೈಲಟ್‌ನ ಕೈಕಾಲುಗಳನ್ನು. ಅಷ್ಟು ಜನ ಹಿಂದಕ್ಕೆ ಹೋದ ಕೂಡಲೇ ಬಾಲ ಭಾರವಾಗುತ್ತದೆ, ಮೂತಿ ಏಳಲು ನೋಡುತ್ತದೆ. ಎಡಗಡೆ ನೇತಾಡುವ ಮೈಗಳು ಗಾಳಿ ತಡೆದು ವಿಮಾನವನ್ನು ಎಡಕ್ಕೇ ಎಳೆಯುತ್ತವೆ. ಅವರಿಗೆ ಪ್ರೊಪೆಲ್ಲರ್ ಗಾಳಿ ಜೋರಾಗಿ ಹೊಡೆಯದಿರಲಿ ಅಂತ ಎಡ ಎಂಜಿನ್ನಿನ ಪವರ್ ಇಳಿಸಿದರೆ ಇನ್ನೂ ಜಾಸ್ತಿ ಎಳೆತ. ಪೈಲಟ್ ಬಲಗಾಲಿನಲ್ಲಿ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್ ಒತ್ತಿ, ಎರಡೂ ಕೈಯಲ್ಲಿ ಸ್ಟೀರಿಂಗನ್ನು ಮುಂದಕ್ಕೆ ತಳ್ಳಿ ಹಿಡಿದಿದ್ದರು. ವೇಗ ಸ್ವಲ್ಪ ಜಾಸ್ತಿ ಇಳಿದರೂ ಸ್ಟಾಲ್, ಅಂದರೆ ರೆಕ್ಕೆಗಳಿಗೆ ಎತ್ತಿ ಹಿಡಿಯುವ ಬಲ ಸಾಲದೆ ವಿಮಾನ ಕುಸಿಯುತ್ತದೆ. ಅದಕ್ಕೇ ಬಾಗಿಲ ಹತ್ತಿರ ಒಮ್ಮೆಗೆ ಎಷ್ಟು ಜನ ಎಂಬುದು ನೆಲದ ಮೇಲೇ ತೀರ್ಮಾನ. ಮಿಕ್ಕವರು ಮುಂದೆ, ನನ್ನ ಬೆನ್ನ ಹಿಂದೆಯೇ, ಕದಲದೆ ಕೂತಿದ್ದರು. ಜಿಗಿಯುವವರು ಮೇಲಕ್ಕೆ ಹಾರುವಂತೆಯೂ ಇಲ್ಲ, ಬಾಲ ಅಲ್ಲೇ ಹಿಂದಿದೆ. ಕೆಳಕ್ಕೇ ಜಾರಬೇಕು. ಫೋಟೋದಲ್ಲಿ ಕಾಣುವುದು ನೇತಾಡುವವರು ಮಾತ್ರ. ನನಗೆ ಕಂಡದ್ದು ಒಳಗೂ ಹೊರಗೂ ಒಬ್ಬರಿಗೊಬ್ಬರು ಹುಷಾರಾಗಿ ನಡೆದುಕೊಳ್ಳುವ ರೀತಿ. ಹುಚ್ಚರಿಗೆ ಅದು ಸಾಧ್ಯವಿಲ್ಲ ಅಮ್ಮ.

ಇದೇನು ಹೊಸದಾಗಿ ಹುಟ್ಟಿದ ಆಟವೂ ಅಲ್ಲ. ಮೊದಮೊದಲು ಹಲವರು ವಿಮಾನದ ಹೊರಗಿನಿಂದಲೇ ಬಿದ್ದವರು. 1912ರ ಮಾರ್ಚ್ 1ರಂದು ಸೇಂಟ್ ಲೂಯಿಸ್ ಹತ್ತಿರ ಆಲ್ಬರ್ಟ್ ಬೆರ್ರಿ ವಿಮಾನದ ಕೆಳಗೆ ಕಟ್ಟಿದ್ದ ಒಂದು ಅಡ್ಡಕಂಬಿಗೆ ಇಳಿದು, ಅಲ್ಲಿಂದ ಕೈಬಿಟ್ಟ. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಟೈನಿ ಬ್ರಾಡ್ವಿಕ್ ಎಂಬ ಹುಡುಗಿ ವಿಮಾನದ ಪಕ್ಕದಲ್ಲಿ ನೇತುಹಾಕಿದ್ದ ಸೀಟಿನಲ್ಲಿ ಕೂತು ಮೇಲೆ ಹೋಗಿ ಬಿದ್ದಳು. 1920ರ ದಶಕದಲ್ಲಿ ಇಂಗ್ಲೆಂಡಿನ ಹೆನ್ಲೋದಲ್ಲಿ ವಿಕರ್ಸ್ ವಿಮಿ ವಿಮಾನದ ರೆಕ್ಕೆಯ ಕಂಬ ಹಿಡಿದು ಪುಟ್ಟ ಹಲಗೆ ಮೇಲೆ ನಿಲ್ಲುತ್ತಿದ್ದರು. ಬಿಚ್ಚಿದ ಪ್ಯಾರಾಚೂಟೇ ಅವರನ್ನು ಕಿತ್ತುಕೊಂಡು ಹೋಗುತ್ತಿತ್ತು. 1930ರ ದಶಕದಲ್ಲಿ ಸೋವಿಯತ್ ಸೈನಿಕರು ಟುಪೊಲೆವ್ ಟಿಬಿ-3 ಬಾಂಬರಿನ ರೆಕ್ಕೆ ಮೇಲೆ ಹತ್ತಿ ಅಲ್ಲಿಂದ ಜಾರುತ್ತಿದ್ದರು.

ನಾನಿರುವ ಈ ಡೇಟನ್‌ಗೂ ಇದರಲ್ಲಿ ಪಾಲಿದೆ. ಬೀಳುವಾಗ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ, ಕೈ ಆಡುವುದಿಲ್ಲ ಅಂತ ಆಗ ತುಂಬಾ ಜನ ನಂಬಿದ್ದರು. 1919ರ ಏಪ್ರಿಲ್ 28ರಂದು ಇಲ್ಲಿನ ಮೆಕುಕ್ ಫೀಲ್ಡ್ ಎಂಬ ವಿಮಾನ ಮೈದಾನದಲ್ಲಿ ಲೆಸ್ಲಿ ಇರ್ವಿನ್ ಜಿಗಿದು, ಬೀಳುತ್ತಲೇ ತನ್ನ ಕೈಯಿಂದ ಹಿಡಿಕೆ ಎಳೆದು ಪ್ಯಾರಾಚೂಟ್ ಬಿಚ್ಚಿದ. ಇಳಿಯುವಾಗ ಕಾಲಿನ ಗಿಣ್ಣು ಮುರಿಯಿತು. ಆ ನಂಬಿಕೆಯೂ ಮುರಿಯಿತು.

ಈಗ ಮುಖ್ಯ ವಿಷಯ. ನಾನು ಕಲಿಯಬೇಕು ಅಂತ ಇದ್ದೇನೆ. ಚಳಿಗಾಲ ಮುಗಿದ ಮೇಲೆ, ಬರುವ ಏಪ್ರಿಲ್‌ನಲ್ಲಿ. ಬೀಚ್‌ನಲ್ಲಿ ಅಲ್ಲ, ಅದು ಅನುಭವ ಇದ್ದವರಿಗೆ. ಹೊಸಬರನ್ನು ಸಣ್ಣ ಸೆಸ್ನಾ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಾರೆ. ಹೌದು, ಅಲ್ಲೂ ರೆಕ್ಕೆಗೆ ಆಸರೆ ಕೊಟ್ಟ ಕಂಬ ಹಿಡಿದು ನೇತಾಡಬೇಕು. ಹಾಗೆ ನೇತಾಡಿದಾಗ ಎದೆ ಹೊಟ್ಟೆ ಮುಂದಕ್ಕೆ ಬಾಗಿ, ಬೀಳಲು ಬೇಕಾದ ಭಂಗಿ ತಾನಾಗೇ ಬರುತ್ತದೆ. ವಿಮಾನಕ್ಕೆ ಕಟ್ಟಿದ ಪಟ್ಟಿ ನನ್ನ ಪ್ಯಾರಾಚೂಟನ್ನು ತಾನೇ ಬಿಚ್ಚುತ್ತದೆ. ಬೆನ್ನಲ್ಲಿ ಎರಡನೆಯ ಪ್ಯಾರಾಚೂಟ್ ಇರುತ್ತದೆ. ಅದನ್ನು ಲೈಸೆನ್ಸ್ ಇದ್ದವರೇ ಮಡಚಬೇಕು, 180 ದಿನಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಮಡಚಬೇಕು ಅಂತ ಇಲ್ಲಿ ಕಾನೂನು. ಅಪಾಯವೇ ಇಲ್ಲ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಇದೆ. ಆದರೂ ಬೇಕು ಅನಿಸಿದೆ.

ಅಪ್ಪ, ತಾತ ಡಕೋಟಾ ಮುಂದೆ ನಿಂತ ಫೋಟೋ ಬೀರುವಿನಲ್ಲಿದೆಯಲ್ಲ, ಅದರ ಒಂದು ಪ್ರತಿ ಕಳಿಸಿ. ಪೈಲಟ್ ನೋಡಬೇಕು ಅಂತ ಕೇಳಿದ್ದಾರೆ. ಅಮ್ಮ, ನೀನು ಎರಡು ದಿನ ಯೋಚಿಸಿ ಉತ್ತರ ಬರೆ. ಅದು ಬರುವ ತನಕ ನಾನು ತರಬೇತಿಗೆ ದುಡ್ಡು ಕಟ್ಟುವುದಿಲ್ಲ.

ನಿಮ್ಮ ಮಗಳು,
ಶ್ರುತಿ