ಧೂಮಿಲ್ ಬರಿಯ ಘೋಷಣೆಯ ಕವಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಹಿಂದಿ ಕಾವ್ಯದ ಲೇಖನವು ಸುದಾಮಾ ಪಾಂಡೆ ‘ಧೂಮಿಲ್’ ಅವರನ್ನು ಸಿಟ್ಟಿನ ಘೋಷಣೆಗಳ ಕವಿ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಸರಿಯೆನಿಸಲಿಲ್ಲ. ಪ್ರಜಾತಂತ್ರವನ್ನು ಅವರಷ್ಟು ನೇರವಾಗಿ ಪ್ರಶ್ನಿಸಿದ ಹಿಂದಿ ಕವಿಗಳು ವಿರಳ, ನಿಜ. ಆದರೆ ಆ ಪ್ರಶ್ನೆಗೆ ಕಸುವು ತುಂಬಿದ್ದು ಅವರ ಪ್ರತಿಮೆಗಳು.

‘ಮೋಚೀರಾಮ್’ ಕವಿತೆಯನ್ನೇ ನೋಡಿ. ರಂಪಿಗೆಯಿಂದ ಕಣ್ಣೆತ್ತಿದ ಚಮ್ಮಾರ ಎದುರಿಗಿದ್ದವನನ್ನು ಕ್ಷಣಕಾಲ ಅಳೆದು ನೋಡಿ, ತನ್ನ ಪಾಲಿಗೆ ಯಾರೂ ಚಿಕ್ಕವರಲ್ಲ, ಯಾರೂ ದೊಡ್ಡವರಲ್ಲ, ಪ್ರತಿಯೊಬ್ಬನೂ ದುರಸ್ತಿಗೆ ಬಂದು ನಿಂತ ಒಂದು ಜೊತೆ ಜೋಡು ಎನ್ನುತ್ತಾನೆ. ತೇಪೆಗಳೇ ತುಂಬಿದ ಜೋಡಿನವನೂ ಬರುತ್ತಾನೆ. ಇಲ್ಲಿ ಬಡಿ, ಅಲ್ಲಿ ಕತ್ತರಿಸು ಎಂದು ದುಡಿಸಿಕೊಂಡು ಕಾಸು ಕೊಡುವಾಗ ಜಾರಿಕೊಳ್ಳುವ ಗಿರಾಕಿಯೂ ಬರುತ್ತಾನೆ. ಕಸುಬಿನ ಮೇಲೆ ಪೆಟ್ಟು ಬಿದ್ದಾಗ ಎಲ್ಲೋ ಒಂದು ಕಳ್ಳ ಮೊಳೆ ಅಡಗಿ ಉಳಿದು, ಸಮಯ ನೋಡಿ ಮೇಲೆದ್ದು ಬೆರಳಿಗೆ ಚುಚ್ಚುತ್ತದೆ. ವರ್ಗ, ಶೋಷಣೆ ಎಂಬ ದೊಡ್ಡ ಮಾತುಗಳಿಂದ ಆಗದ ಕೆಲಸ ಈ ಒಂದು ಮೊಳೆಯಿಂದ ಆಗಿದೆ.

ಶೈಲಿಯೂ ಅಂಥದ್ದೇ. ಕಟ್ಟೆಯ ಮೇಲಿನ ಮಾತಿನಂತೆ ಸಾಗುವ ಸಾಲುಗಳ ನಡುವೆ ‘ಬಡಾ ಹೈ’ (ದೊಡ್ಡವ), ‘ಖಡಾ ಹೈ’ (ನಿಂತಿದ್ದಾನೆ) ಎಂಬ ಪ್ರಾಸ ಥಟ್ಟನೆ ಬಂದು ಮಾತನ್ನು ಬಿಗಿಯುತ್ತದೆ. ಒಬ್ಬ ರೊಟ್ಟಿ ಲಟ್ಟಿಸುತ್ತಾನೆ, ಒಬ್ಬ ತಿನ್ನುತ್ತಾನೆ, ಮೂರನೆಯವನು ರೊಟ್ಟಿಯೊಡನೆ ಆಡುತ್ತಾನೆ. ಆ ಮೂರನೆಯವನು ಯಾರೆಂದು ಕೇಳಿದರೆ ಸಂಸತ್ತು ಮೌನವಾಗಿದೆ ಎನ್ನುವ ಅವರ ಇನ್ನೊಂದು ಪುಟ್ಟ ಕವಿತೆಯಲ್ಲಿ ಒಂದು ವಿಶೇಷಣವೂ ಹೆಚ್ಚಿಲ್ಲ. ವಾರಾಣಸಿ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಐಟಿಐಯಲ್ಲಿ ವಿದ್ಯುತ್ ಕೆಲಸ ಕಲಿಸುತ್ತ, 1975ರಲ್ಲಿ ಮೂವತ್ತೆಂಟರ ವಯಸ್ಸಿಗೇ ತೀರಿಕೊಂಡ ಈ ಕವಿಗೆ ದುಡಿಯುವ ಕೈಗಳ ಪರಿಚಯ ಪುಸ್ತಕದಿಂದ ಬಂದದ್ದಲ್ಲ. ಹೆಣ್ಣಿನ ದೇಹವನ್ನು ಬೈಗುಳದಂತೆ ಬಳಸುವ ಅವರ ಕೆಲವು ಪ್ರತಿಮೆಗಳನ್ನು ಮಾತ್ರ ನಾನು ಒಪ್ಪಲಾರೆ. ಅವರ ಸಿಟ್ಟು ಅಲ್ಲಿ ದಿಕ್ಕು ತಪ್ಪಿದೆ.

ಅವರ ಕವನಸಂಕಲನ ‘ಸಂಸದ್ ಸೇ ಸಡಕ್ ತಕ್’ ಪ್ರಕಟವಾದ 1972ರಲ್ಲೇ ನಮ್ಮ ಮುಂಬಯಿಯಲ್ಲಿ ಮರಾಠಿಯ ದಲಿತ ಕವಿ ನಾಮದೇವ ಢಸಾಳರ ಸಂಕಲನ ‘ಗೋಲ್‌ಪೀಠಾ’ ಬಂತು. ಮೂರು ವರ್ಷಗಳ ಬಳಿಕ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ ಆಡುವ ಇಲ್ಲಿನ ಕನ್ನಡಿಗರಿಗೆ ಈ ಮೂವರನ್ನೂ ಒಟ್ಟಿಗೆ ಓದುವ ಅನುಕೂಲ ಬೇರೆಯವರಿಗಿಂತ ಹೆಚ್ಚಿದೆ. ಆದ್ದರಿಂದ, ಮೂಲದ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಈ ಮೂವರ ಕವಿತೆಗಳನ್ನು ಜೊತೆಗಿಟ್ಟು ಚರ್ಚಿಸುವ ಲೇಖನಮಾಲೆಯೊಂದನ್ನು ಪುರವಣಿಯಲ್ಲಿ ಆರಂಭಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಡೊಂಬಿವಲಿ